ಪಾಳೆಯಗಾರರ ವಂಶಾವಳಿಗಳೂ ನಮ್ಮ ಪಂಡಿತರೂ

ನಮ್ಮ ತುಮಕೂರು ಜಿಲ್ಲೆಯಲ್ಲಿ ಈಚಿನ ಕೆಲವು ವರ್ಷಗಳಿಂದ ಒಂದು ಬಗೆಯ ಪುಸ್ತಕಗಳು ಮಳೆಗಾಲದ ಅಣಬೆಗಳಂತೆ ಹುಟ್ಟಿಕೊಳ್ಳುತ್ತಿರುವುದನ್ನು ವಾಚಕ ಮಹಾಶಯರು ಬಲ್ಲರು. ದೇವಾಲಯದ ಜೀರ್ಣೋದ್ಧಾರವಾದರೆ ಒಂದು ಸ್ಮರಣಸಂಚಿಕೆ. ಜನಾಂಗದ ಸಮ್ಮೇಳನವಾದರೆ ಒಂದು ಸ್ಮರಣಸಂಚಿಕೆ. ಹಳೆಯ ಮನೆತನದ ಹಿರಿಯರೊಬ್ಬರಿಗೆ ಎಪ್ಪತ್ತೈದು ತುಂಬಿದರೆ ಮತ್ತೊಂದು. ಇವುಗಳ ಮೊದಲನೆಯ ಪುಟದಲ್ಲಿ ಗಣಪತಿಯ ಪಟ, ಎರಡನೆಯದರಲ್ಲಿ ಗಣ್ಯರ ಶುಭಸಂದೇಶ, ಮೂರನೆಯದರಲ್ಲಿ ವಂಶಾವಳಿ. ಆ ವಂಶಾವಳಿಯಾದರೋ ಸೂರ್ಯನಿಂದಲೋ ಚಂದ್ರನಿಂದಲೋ ಹೊರಟು, ಒಂದೆರಡು ಯುಗಗಳನ್ನು ಅರ್ಧ ಪಂಕ್ತಿಯಲ್ಲಿ ದಾಟಿ, ವಿಜಯನಗರದ ಅರಸರ ಆಸ್ಥಾನದಲ್ಲಿ ಕೊಂಚ ವಿಶ್ರಮಿಸಿ, ಕೊನೆಗೆ ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿಯೋ ಕುಣಿಗಲ್ ಸೀಮೆಯ ಒಂದು ದುರ್ಗದ ಬುಡದಲ್ಲಿಯೋ ಬಂದಿಳಿಯುತ್ತದೆ. ಪಾಳೆಯಗಾರರ ಹೆಸರು ಬರುತ್ತದೆ. ಕೋಟೆಯ ಹೆಸರು ಬರುತ್ತದೆ. ಆ ಪಾಳೆಯಗಾರನು ತಮ್ಮವನೇ ಎಂಬ ಘೋಷಣೆ ಬರುತ್ತದೆ. ಬಾರದಿರುವುದೊಂದೇ, ಪ್ರಮಾಣ.

ಪರರ ದೋಷವನ್ನೆಣಿಸುವ ಮೊದಲು ತನ್ನ ದೋಷವನ್ನು ಒಪ್ಪಿಕೊಳ್ಳುವುದು ನ್ಯಾಯ. ಸುಮಾರು ಮೂವತ್ತು ವರ್ಷಗಳ ಹಿಂದೆ, ನಾನು ಶಾಲೆಯಲ್ಲಿ ಸಂಸ್ಕೃತದ ಪಾಠ ಹೇಳುತ್ತಿದ್ದ ಕಾಲದಲ್ಲಿ, ನಮ್ಮ ಸೀಮೆಯ ಒಂದು ಹಳೆಯ ಮನೆತನದ ಯಜಮಾನರು ನನ್ನನ್ನು ಕರೆಯಿಸಿಕೊಂಡರು. ಹಾಲು ಹಣ್ಣು ಕೊಟ್ಟು ಕುಳ್ಳಿರಿಸಿ, “ಮೇಷ್ಟ್ರೇ, ನಮ್ಮ ವಂಶದ ಹಿರಿಯರ ಹೆಸರುಗಳನ್ನು ಶ್ಲೋಕರೂಪದಲ್ಲಿ ಬರೆದುಕೊಡಬೇಕು” ಎಂದರು. ಎಷ್ಟು ತಲೆಗಳ ಹೆಸರು ತಿಳಿದಿದೆಯೆಂದು ಕೇಳಿದೆನು. ಆರು ತಲೆ ಅವರ ನೆನಪಿನಲ್ಲಿತ್ತು. “ಮೇಲಿನದನ್ನು ತಾವೇ ತುಂಬಿಬಿಡಿ, ಪಂಡಿತರಿಗೆ ತಿಳಿಯದುದೇನಿದೆ?” ಎಂದು ನಕ್ಕರು. ನಾನೂ ನಕ್ಕೆನು, ತುಂಬಿದೆನು. ಅನುಷ್ಟುಪ್ ಛಂದಸ್ಸಿನಲ್ಲಿ ಹನ್ನೆರಡು ಶ್ಲೋಕಗಳು. ಇಕ್ಷ್ವಾಕುವಿನಿಂದ ಆ ಯಜಮಾನರ ಮುತ್ತಜ್ಜನವರೆಗೆ ಎಲ್ಲಿಯೂ ಎಳೆ ಕಡಿಯದಂತೆ ನೇಯ್ದುಕೊಟ್ಟೆನು. ಒಂದು ಶಾಲು, ಫಲತಾಂಬೂಲ, ಐನೂರೊಂದು ರೂಪಾಯಿ ದಕ್ಷಿಣೆ ದೊರೆಯಿತು. ಅಂದು ಅದನ್ನು ಅಸತ್ಯವೆಂದು ನಾನು ಭಾವಿಸಲಿಲ್ಲ. ಮದುವೆಯ ಮನೆಯಲ್ಲಿ ವಧೂವರರನ್ನು ಲಕ್ಷ್ಮೀನಾರಾಯಣರೆಂದು ಹೇಳುವಂತೆ ಇದೂ ಒಂದು ಉಪಚಾರವೆಂದುಕೊಂಡೆನು.

ಆ ಯಜಮಾನರು ಗತಿಸಿದರು. ಕೆಲವು ವರ್ಷಗಳ ಹಿಂದೆ ಅದೇ ಮನೆತನದವರು ಕಟ್ಟಿಸಿದ ಸಭಾಮಂದಿರವೊಂದಕ್ಕೆ ಹೋಗಿದ್ದಾಗ, ಗೋಡೆಯಲ್ಲಿ ನುಣುಪಾದ ಕರಿಯ ಕಲ್ಲಿನ ಮೇಲೆ ನನ್ನ ಹನ್ನೆರಡು ಶ್ಲೋಕಗಳು, ಎಂಟನೆಯದರಲ್ಲಿದ್ದ ಒಂದು ಛಂದೋದೋಷದ ಸಮೇತ, ಕೆತ್ತಲ್ಪಟ್ಟಿರುವುದನ್ನು ಕಂಡೆನು. ಕೆಳಗೆ “ಪ್ರಾಚೀನ ಸಂಸ್ಕೃತ ಶ್ಲೋಕಗಳು” ಎಂದಿತ್ತು. ಅಲ್ಲಿಗೇ ಮುಗಿದಿದ್ದರೆ ನಾಚಿ ಸುಮ್ಮನಾಗುತ್ತಿದ್ದೆನು. ಆದರೆ ಆ ಊರಿನ ಜಾತ್ರೆಯಲ್ಲಿ ಮೊದಲ ಮಂಗಳಾರತಿಯ ಮರ್ಯಾದೆ ಯಾರಿಗೆ ಸಲ್ಲಬೇಕೆಂದು ವಿವಾದವುಂಟಾದಾಗ, ಈ ಶ್ಲೋಕಗಳನ್ನೇ ಪ್ರಮಾಣವಾಗಿ ತಂದು ನಿಲ್ಲಿಸಿದರಂತೆ. ತಲೆತಲಾಂತರದಿಂದ ರಥದ ಹಗ್ಗ ಹಿಡಿದು ಎಳೆಯುತ್ತಿದ್ದ ಮತ್ತೊಂದು ಕುಲದವರು “ನಮ್ಮ ಹಿರಿಯರ ಹೆಸರು ನಿಮ್ಮ ಕಲ್ಲಿನಲ್ಲಿ ಇಲ್ಲವಾದರೆ ನಿಮ್ಮ ರಥವನ್ನು ನೀವೇ ಎಳೆದುಕೊಳ್ಳಿ” ಎಂದು ಹಗ್ಗವನ್ನು ನೆಲಕ್ಕೆ ಹಾಕಿ ನಡೆದರು. ಎರಡು ವರ್ಷ ಆ ಊರಿನಲ್ಲಿ ರಥ ನಡೆಯಲಿಲ್ಲ. ಮೂವತ್ತು ವರ್ಷಗಳ ಹಿಂದಿನ ನನ್ನ ಉಪಚಾರವು ದೇವರ ತೇರನ್ನು ನಿಲ್ಲಿಸಿತು. ಈ ಲೇಖನವನ್ನು ಬರೆಯುವ ಅಧಿಕಾರವೂ ಋಣವೂ ನನಗಿರುವುದು ಇದರಿಂದಲೇ.

ಈಗ ವಿಷಯಕ್ಕೆ ಬರೋಣ. ವಂಶಾವಳಿಯ ಪಕ್ಷಪಾತಿಗಳು ಹೇಳುವ ಮೊದಲನೆಯ ಮಾತು ಇದು: “ಪಾಳೆಯಗಾರರು ಆಳಿದುದು ವಂಶದ ಬಲದಿಂದ, ರಕ್ತದಲ್ಲಿ ರಾಜತ್ವವಿದ್ದುದರಿಂದ ಕೈಗೆ ರಾಜ್ಯ ಬಂದಿತು, ಆದುದರಿಂದ ವಂಶವನ್ನು ಸ್ಥಾಪಿಸಿದರೆ ಚರಿತ್ರೆಯನ್ನೇ ಸ್ಥಾಪಿಸಿದಂತೆ.” ಇದು ಕಾರ್ಯವನ್ನು ಕಾರಣವೆಂದು ಭ್ರಮಿಸುವುದು. ತರ್ಕಶಾಸ್ತ್ರದಲ್ಲಿ ಒಂದು ವಸ್ತುವನ್ನು ಕಾರಣವೆಂದು ಹೇಳಬೇಕಾದರೆ ಅನ್ವಯ ವ್ಯತಿರೇಕಗಳೆರಡೂ ಕೂಡಿಬರಬೇಕು: ಅದು ಇದ್ದಾಗ ಫಲವಿರಬೇಕು, ಅದು ಇಲ್ಲದಾಗ ಫಲವಿರಬಾರದು. ನಮ್ಮ ಸುತ್ತಣ ಪ್ರಸಿದ್ಧವಾದ ಒಂದು ಮನೆತನವನ್ನೇ ತೆಗೆದುಕೊಂಡು ನೋಡೋಣ.

ಆವತಿಯ ನಾಡಪ್ರಭುಗಳ ಕಥೆಯನ್ನು ಕೇಳದವರಾರು? ಕಂಚಿಯ ಕಡೆಯ ಆಲೂರಿನಿಂದ ರಣಭೈರೇಗೌಡರೆಂಬ ಒಕ್ಕಲಿಗ ಹಿರಿಯರು ಬಂಧುಗಳೊಡನೆ ರಾತ್ರೋರಾತ್ರಿ ಹೊರಟು, ಪಾಲಾರ್ ನದಿಯನ್ನು ದಾಟಿ, ದೇವನಹಳ್ಳಿಯ ಬಳಿಯ ಆವತಿಯಲ್ಲಿ ನೆಲೆಸಿದರೆಂದು ಪರಂಪರೆ ಹೇಳುತ್ತದೆ. ಇವರ ಸಂತತಿ ಹಬ್ಬಿ, ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳಲ್ಲಿ ಕೋಟೆಗಳಾದವು. ನಮ್ಮ ಜಿಲ್ಲೆಯ ಹೊಳವನಹಳ್ಳಿ, ಕೊರಟಗೆರೆಗಳ ಗೌಡರೂ ಇದೇ ಬಳ್ಳಿಯ ಕುಡಿಗಳು. ಯಲಹಂಕದ ಶಾಖೆಯಲ್ಲಿ ಹುಟ್ಟಿದವರು ಕೆಂಪೇಗೌಡರು. ೧೫೩೭ರಲ್ಲಿ ಬೆಂಗಳೂರನ್ನು ಕಟ್ಟಿಸಿದವರೆಂದು ಅವರನ್ನು ನಾಡೆಲ್ಲ ಸ್ಮರಿಸುತ್ತದೆ. ಮಾಗಡಿ, ಸಾವನದುರ್ಗಗಳೊಡನೆ ನಮ್ಮ ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗ, ಹುಲಿಯೂರುದುರ್ಗಗಳೂ ಈ ಮನೆತನದ ಕಾವಲುಗಲ್ಲುಗಳಾಗಿದ್ದವು.

ಇನ್ನು ಕೇಳಿರಿ. ಆಲೂರಿನಿಂದ ಬಂಡಿ ಹೂಡಿ ಹೊರಟಾಗ ಆ ಹಿರಿಯರಿಗಿದ್ದುದು ಅದೇ ವಂಶ, ಆದರೆ ಅಧಿಕಾರವಿರಲಿಲ್ಲ. ಅಧಿಕಾರ ಬಂದುದು ಕಾಡು ಕಡಿದು ಹೊಲ ಮಾಡಿದ ಮೇಲೆ, ಕೆರೆ ಕಟ್ಟಿ ಒಕ್ಕಲನ್ನು ಕರೆತಂದ ಮೇಲೆ, ಸಂತೆ ಕೂಡಿಸಿ ಸುಂಕ ಪಡೆದ ಮೇಲೆ, ವಿಜಯನಗರಕ್ಕೆ ಕಪ್ಪವನ್ನೂ ಕಾಲಾಳನ್ನೂ ಒಪ್ಪಿಸಿದ ಮೇಲೆ. ವಿಜಯನಗರದ ಅರಸರು ಮೂವತ್ತು ಸಾವಿರ ವರಹಗಳ ಉತ್ಪತ್ತಿಯ ಹೋಬಳಿಗಳನ್ನು ಕೆಂಪೇಗೌಡರಿಗೆ ಬಿಟ್ಟುಕೊಟ್ಟರೆಂದು ಪ್ರತೀತಿ. ಅದೇ ಕೆಂಪೇಗೌಡರು ಸ್ವಂತ ನಾಣ್ಯವನ್ನು ಟಂಕಿಸಿದರೆಂದು ಆನೆಗೊಂದಿಯಲ್ಲಿ ಸೆರೆಯಲ್ಲಿಟ್ಟರೆಂದೂ ಪ್ರತೀತಿ. ಕೊಡುವ ಕೈಯೂ ಕಟ್ಟುವ ಕೈಯೂ ಒಂದೇ. ಆ ಕೈ ನೋಡಿದುದು ವರಹಗಳ ಲೆಕ್ಕವನ್ನೂ ಸೇನೆಯ ಲೆಕ್ಕವನ್ನೂ ಹೊರತು ಸೂರ್ಯಚಂದ್ರರನ್ನಲ್ಲ. ೧೬೩೮ರಲ್ಲಿ ಬಿಜಾಪುರದ ರಣದುಲ್ಲಾಖಾನನು ದಂಡೆತ್ತಿ ಬಂದಾಗ ವಂಶವೇನೂ ಕಡಿದಿರಲಿಲ್ಲ. ಬೆಂಗಳೂರು ಮಾತ್ರ ಕೈಬಿಟ್ಟು ಷಹಾಜಿಯ ಜಹಗೀರಾಯಿತು. ೧೭ನೆಯ ಶತಮಾನದ ಕೊನೆಯಲ್ಲಿ ಮೊಗಲರಿಂದ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಆ ಊರು ಮೂರು ಲಕ್ಷ ರೂಪಾಯಿಗಳಿಗೆ ಕೈಬದಲಾಯಿತೆಂಬುದು ಪ್ರಸಿದ್ಧವಾದ ಮಾತು. ೧೭೨೮ರಲ್ಲಿ ಮೈಸೂರಿನ ದಳವಾಯಿಯು ಮಾಗಡಿಯನ್ನೂ ಸಾವನದುರ್ಗವನ್ನೂ ಹಿಡಿದಾಗ ಆ ಮನೆತನದ ಕೊನೆಯ ಪ್ರಭುವು ಶ್ರೀರಂಗಪಟ್ಟಣದ ಸೆರೆಯಲ್ಲಿ ದೇಹಬಿಟ್ಟನು. ವಂಶವಿದ್ದಿತು, ಅಧಿಕಾರ ಹೋಯಿತು. ಅನ್ವಯವು ಇಲ್ಲಿ ಮುರಿಯಿತು.

ವ್ಯತಿರೇಕವನ್ನೂ ನೋಡಿರಿ. ಆ ವಂಶದ ಆಳ್ವಿಕೆ ಅಳಿದು ಅರುವತ್ತಮೂರು ವರ್ಷಗಳಾದ ಮೇಲೆ, ೧೭೯೧ರಲ್ಲಿ, ಕಾರ್ನ್‌ವಾಲಿಸನ ಸೈನ್ಯವು ಟಿಪ್ಪುವಿನ ಮೇಲೆ ನಡೆದು ಬಂದಾಗ, ಹುಲಿಯೂರುದುರ್ಗವನ್ನೂ ಹುತ್ರಿದುರ್ಗವನ್ನೂ ಸಾವನದುರ್ಗವನ್ನೂ ಹಿಡಿಯದೆ ಮುಂದುವರಿಯುವುದು ಅದಕ್ಕೆ ಕ್ಷೇಮಕರವೆನಿಸಲಿಲ್ಲ. ಕಟ್ಟಿಸಿದ ಮನೆತನವಿಲ್ಲದಿದ್ದರೂ ಕಟ್ಟಿದ ಕಲ್ಲಿಗೆ ಬಲವಿದ್ದಿತು. ಹಾಗಾದರೆ ಬಲವಿದ್ದುದು ಎಲ್ಲಿ? ಬೆಟ್ಟದಲ್ಲಿ, ಬೆಟ್ಟದ ಮೇಲಣ ನೀರಿನ ದೊಣೆಯಲ್ಲಿ, ಕೆಳಗಿನ ದಾರಿಯಲ್ಲಿ, ಆ ದಾರಿಯಲ್ಲಿ ಹೋಗುವ ಧಾನ್ಯದ ಹೇರಿನಲ್ಲಿ.

ಗುಬ್ಬಿಯ ಕಡೆಗೆ ಬಂದರೂ ಇದೇ ಮಾತು. ಹಾಗಲವಾಡಿಯಲ್ಲಿ ೧೫ನೆಯ ಶತಮಾನದಿಂದ ೧೮ನೆಯ ಶತಮಾನದವರೆಗೆ ನಾಯಕರ ಒಂದು ಮನೆತನ ಆಳಿತು. ಮೂಲಪುರುಷನು ಎರಿಮಾದನಾಯಕನೆಂದು ಹೇಳುತ್ತಾರೆ. ಚಿಕ್ಕನಾಯಕನಹಳ್ಳಿಗೆ ಹೆಸರು ಬಂದುದು ಈ ಮನೆತನದ ಚಿಕ್ಕನಾಯಕನಿಂದಲೇ. ಹೈದರಾಲಿಯ ಕಾಲದಲ್ಲಿ ಆ ಸೀಮೆ ಮೈಸೂರಿಗೆ ಸೇರಿತು. ಗುಬ್ಬಿಯ ಪೇಟೆಯನ್ನು ಕಟ್ಟಿಸಿದವರೆಂದು ಹೆಸರಾದ ಹೊಸಹಳ್ಳಿಯ ಗೌಡರ ಮನೆತನವೂ ಮೊದಲು ಮೈಸೂರಿಗೆ ಕಪ್ಪ ತೆತ್ತು, ಹೈದರನ ಕಾಲದಲ್ಲಿ ಕಪ್ಪ ಏರಿ, ಟಿಪ್ಪುವಿನ ಕಾಲದಲ್ಲಿ ಅಧಿಕಾರವನ್ನು ಕಳೆದುಕೊಂಡಿತು. ಮಧುಗಿರಿಯ ಪ್ರಭುಗಳು ೧೬೭೮ರಲ್ಲಿಯೇ ಮೈಸೂರಿಗೆ ಸೋತರು. ಪಾಳೆಯವೆಂದರೆ ದಂಡಿನ ಬೀಡು. ದಂಡಿಗೆ ಅನ್ನವಿಕ್ಕುವ ನೆಲವಿರುವವರೆಗೆ ಪಾಳೆಯಗಾರ; ಅದು ಕೈತಪ್ಪಿದ ದಿನ ಅವನೂ ಊರಗೌಡನೇ. ವಂಶವು ಅಧಿಕಾರವನ್ನು ಹಡೆಯಲಿಲ್ಲ. ಅಧಿಕಾರವೇ ವಂಶವನ್ನು ಹಡೆಯಿತು, ಹೆರಿಗೆ ಮಾಡಿಸಿದವರು ನನ್ನಂತಹ ಪಂಡಿತರು.

ಎರಡನೆಯ ಮಾತು ಹೀಗಿದೆ: “ಇರಲಿ, ಸುಳ್ಳೇ ಆಗಲಿ, ನದೀಮೂಲ ಋಷಿಮೂಲಗಳನ್ನು ಕೆದಕಬಾರದು. ಒಂದು ಜನಾಂಗಕ್ಕೆ ಅಭಿಮಾನವುಂಟಾದರೆ ಯಾರಿಗೇನು ನಷ್ಟ?” ನದೀಮೂಲವನ್ನು ನೋಡಬಾರದೆಂದರೆ ನಮ್ಮ ಶಾಲೆಯ ಮಕ್ಕಳನ್ನು ದೇವರಾಯನದುರ್ಗಕ್ಕೆ ಕರೆದೊಯ್ಯುವಂತೆಯೇ ಇಲ್ಲ! ಶಿಂಷಾ ಜಯಮಂಗಲಿಗಳೆರಡೂ ಅಲ್ಲಿ ಹುಟ್ಟುತ್ತವೆ. ಒಂದು ದಕ್ಷಿಣಕ್ಕೆ ಹರಿದು ಕಾವೇರಿಯನ್ನೂ ಮತ್ತೊಂದು ಉತ್ತರಕ್ಕೆ ಹರಿದು ಪಿನಾಕಿನಿಯನ್ನೂ ಸೇರುತ್ತದೆ. ಮೂಲವು ಕಿರಿದೆಂದು ಅವುಗಳ ನೀರನ್ನು ಯಾರೂ ಕುಡಿಯದೆ ಬಿಟ್ಟಿಲ್ಲ. ಮನೆತನದ ಮೂಲವು ಕಿರಿದಾದರೆ ಅವಮಾನವೆಂದು ಭಾವಿಸುವುದೇ ಮೊದಲನೆಯ ತಪ್ಪು. ಊರುಬಿಟ್ಟು ಬಂದ ಒಕ್ಕಲೊಂದು ನಾಲ್ಕೈದು ತಲೆಗಳಲ್ಲಿ ನಾಡನ್ನು ಕಟ್ಟಿತೆಂಬುದಕ್ಕಿಂತ ಹಿರಿದಾದ ಕೀರ್ತಿ ಯಾವುದು? ಅದನ್ನು ಒರೆಸಿ ಅದರ ಮೇಲೆ ಇಕ್ಷ್ವಾಕುವಿನ ಹೆಸರು ಬರೆಯುವವನು ಆ ಮನೆತನಕ್ಕೆ ಮಾನವನ್ನು ಕೊಡುತ್ತಿಲ್ಲ, ಅದರ ದುಡಿಮೆಯನ್ನು ಕದಿಯುತ್ತಿದ್ದಾನೆ.

ನಷ್ಟವೇನೆಂದು ಕೇಳಿದರಲ್ಲವೆ? ಹೇಳುತ್ತೇನೆ. ಮೊದಲನೆಯದಾಗಿ, ಇಂತಹ ವಂಶಾವಳಿಯಲ್ಲಿ ಹೆಣ್ಣಿಗೆ ಸ್ಥಳವಿಲ್ಲ. ಗಂಡಿನಿಂದ ಗಂಡು, ಆ ಗಂಡಿನಿಂದ ಮತ್ತೊಂದು ಗಂಡು. ತಾಯಂದಿರಿಲ್ಲದೆಯೇ ಒಂದು ಮನೆತನವು ನಾನೂರು ವರ್ಷ ನಡೆದ ಆಶ್ಚರ್ಯವನ್ನು ನಾವು ಓದುತ್ತೇವೆ. ಆವತಿಯ ಕಥೆಯನ್ನೇ ವಿಚಾರಿಸಿರಿ. ಆ ಹಿರಿಯರು ಊರುಬಿಟ್ಟುದು ಏಕೆ? ಮನೆಯ ಮಗಳಾದ ದೊಡ್ಡಮ್ಮನನ್ನು ಅಲ್ಲಿನ ಅಧಿಕಾರಿಯೊಬ್ಬನು ಬಲಾತ್ಕಾರದಿಂದ ವರಿಸಬಯಸಿದನೆಂದು, ಅವಳ ಮಾನವನ್ನು ಕಾಯುವುದಕ್ಕಾಗಿ. ಇಡೀ ಕಥೆಯು ನಿಂತಿರುವುದು ಒಬ್ಬ ಹುಡುಗಿಯ ಮೇಲೆ. ಅವಳನ್ನು ತೆಗೆದರೆ ಬಂಡಿ ಹೊರಡುವುದಿಲ್ಲ, ನದಿ ದಾಟುವುದಿಲ್ಲ, ಆವತಿಯಿಲ್ಲ, ಬೆಂಗಳೂರಿಲ್ಲ. ಆದರೂ ಸ್ಮರಣಸಂಚಿಕೆಗಳ ವಂಶವೃಕ್ಷದಲ್ಲಿ ಅವಳಿಗೊಂದು ಎಲೆಯಷ್ಟೂ ಜಾಗವಿಲ್ಲ.

ಹಳಬರು ಹೀಗಿರಲಿಲ್ಲ. ತುಮಕೂರಿಗೆ ಹತ್ತಿರದ ಕೈದಾಳಕ್ಕೆ ಹೋದವರೆಲ್ಲರೂ ಜಕಣಾಚಾರಿಗೆ ಕೈ ಬಂದ ಕಥೆಯನ್ನು ಕೇಳಿ ಬರುತ್ತಾರೆ. ಅಲ್ಲಿಯ ಶಿಲಾಶಾಸನವನ್ನು ವಿಚಾರಿಸುವವರು ವಿರಳ. ೧೧೫೦ರ ಸುಮಾರಿನಲ್ಲಿ ಹೊಯ್ಸಳ ಒಂದನೆಯ ನರಸಿಂಹನಿಗೆ ಅಧೀನನಾಗಿ ಮರುಗರೆನಾಡನ್ನು ಆಳುತ್ತಿದ್ದ ಸಾಮಂತ ಬಾಚಿಯು ಶಿವಾಲಯವನ್ನೂ ವಿಷ್ಣುವಿನ ದೇಗುಲವನ್ನೂ ಜಿನಾಲಯವನ್ನೂ ಕಟ್ಟಿಸಿದನು. ಜೈನಧರ್ಮದಲ್ಲಿ ನಿಷ್ಠೆಯಿದ್ದ ತನ್ನ ಮಡದಿ ಭೀಮಲೆಯ ಹೆಸರಿನಲ್ಲಿ ಭೀಮಜಿನಾಲಯವೆಂಬ ಬಸದಿಯನ್ನೂ ಭೀಮಸಮುದ್ರವೆಂಬ ಕೆರೆಯನ್ನೂ ಮಾಡಿಸಿದನು. ಮಡದಿಯ ನೆನಪಿಗೆ ಒಂದು ಕೆರೆ! ಸಾಮಂತನೊಬ್ಬನು ತನ್ನ ಕುಲದ ಕೀರ್ತಿಯನ್ನು ಹೇಗೆ ಉಳಿಸಬೇಕೆಂದು ತಿಳಿದಿದ್ದನೆಂಬುದಕ್ಕೆ ನಮ್ಮ ಕಣ್ಣೆದುರಿಗೇ ಇರುವ ನಿದರ್ಶನವಿದು. ನಮ್ಮ ಕಾಲದ ವಂಶಾವಳಿಕಾರರಿಗೆ ಇದನ್ನು ನೋಡಲು ಬಿಡುವಿಲ್ಲ.

ಎರಡನೆಯ ನಷ್ಟ, ದುಡಿದವರ ಹೆಸರು ಅಳಿಯುವುದು. ಒಂದು ಮನೆತನದ ಅಧಿಕಾರವನ್ನು ಹೊತ್ತು ನಿಂತವರು ಯಾರು? ತೂಬೆತ್ತಿ ಗದ್ದೆಗದ್ದೆಗೆ ನೀರು ಹಂಚುವ ನೀರಗಂಟಿ, ಕಳ್ಳಕಾಕರನ್ನು ಕಾಯುವ ತಳವಾರ, ಗಡಿಯನ್ನು ಬಲ್ಲ ತೋಟಿ, ಲೆಕ್ಕವಿಡುವ ಶಾನುಭೋಗ, ಏರಿಗೆ ಮಣ್ಣು ಹಾಕುವ ಒಡ್ಡರು, ಕಾಳಗದಲ್ಲಿ ಮಡಿದು ವೀರಗಲ್ಲಾದ ಬಂಟ. ಹಿಂದಿನ ಪ್ರಭುಗಳಿಗೆ ಇದು ತಿಳಿದಿತ್ತು. ಆದುದರಿಂದಲೇ ಕೆರೆಯನ್ನು ನೋಡಿಕೊಳ್ಳುವವನಿಗೆ ಕಟ್ಟುಕೊಡಗೆ, ಮಡಿದವನ ಮಕ್ಕಳಿಗೆ ನೆತ್ತರುಕೊಡಗೆ ಎಂದು ಭೂಮಿಯನ್ನು ಬಿಟ್ಟು ಕಲ್ಲಿನಲ್ಲಿ ಬರೆಯಿಸಿದರು. ಕುಣಿಗಲ್ ಕೆರೆಯ ಮೇಲೆ ನಮ್ಮ ಜನರು ಕಟ್ಟಿದ ಹಾಡು ಇಂದಿಗೂ ನಾಡೆಲ್ಲ ಬಾಯಿಪಾಠವಾಗಿರುವುದು ಕೆರೆಯ ಸೊಬಗಿಗಾಗಿಯೇ ಹೊರತು ಯಾವ ದೊರೆಯ ಗೋತ್ರಪ್ರವರಕ್ಕಾಗಿಯೂ ಅಲ್ಲ. ನಾವಾದರೋ ಹೆಸರನ್ನು ಇಟ್ಟುಕೊಂಡು ಕೆರೆಯನ್ನು ಮುಚ್ಚುವವರು. ಬೆಂಗಳೂರಿನ ಧರ್ಮಾಂಬುಧಿ ಕೆರೆಯು ಕೆಂಪೇಗೌಡರ ಕಾಲದ್ದೆಂದು ಹೇಳುತ್ತಾರೆ. ಅದರ ಅಂಗಳದಲ್ಲಿ ಈಗಿರುವುದು ಬಸ್ಸುಗಳ ನಿಲ್ದಾಣ, ಅದಕ್ಕೆ ಕೆಂಪೇಗೌಡರದೇ ಹೆಸರು! ೨೦೨೨ರ ನವೆಂಬರಿನಲ್ಲಿ ಅದೇ ನಗರದ ವಿಮಾನನಿಲ್ದಾಣದಲ್ಲಿ ಅವರ ೧೦೮ ಅಡಿಗಳ ಕಂಚಿನ ಪ್ರತಿಮೆಯನ್ನು ನಿಲ್ಲಿಸಿದರು. ಪ್ರತಿಮೆಗೆ ನನ್ನ ಆಕ್ಷೇಪವಿಲ್ಲ, ನಮಸ್ಕರಿಸುತ್ತೇನೆ. ಆದರೆ ಕೆರೆ ಕಟ್ಟಿಸಿದವರನ್ನು ಕೆರೆಯಿಂದಲೇ ಪೂಜಿಸಬೇಕಲ್ಲವೆ?

ಮೂರನೆಯ ನಷ್ಟವನ್ನು ರಥದ ಪ್ರಸಂಗದಲ್ಲಿಯೇ ಹೇಳಿದೆನು. “ಈ ಪಾಳೆಯಗಾರನು ನಮ್ಮವನು” ಎಂದು ಒಬ್ಬರು, “ಅಲ್ಲ, ನಮ್ಮವನು” ಎಂದು ಮತ್ತೊಬ್ಬರು. ಇವರು ಅವನ ಕೋಟೆಯಲ್ಲಿ ಬೆಳೆದ ಮುಳ್ಳನ್ನು ಒಂದು ದಿನವಾದರೂ ಕಡಿದವರಲ್ಲ. ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ ೨೦೧೫ರಲ್ಲಿ ಒಂದು ಸಮಾಧಿಯ ಶಾಸನವು ಬೆಳಕಿಗೆ ಬಂದಿತು. ಅದರಲ್ಲಿ ಕೆಂಪೇಗೌಡರ ಮನೆತನದ ಹೆಸರೂ ನಮ್ಮ ಕುಣಿಗಲಿನ ಹೆಸರೂ ಇವೆ. ಅದು ಆ ಮನೆತನದ ಯಾವ ಪ್ರಭುವಿನ ಸಮಾಧಿಯೆಂಬುದರಲ್ಲಿ ಬಲ್ಲವರೊಳಗೆ ಚರ್ಚೆಯುಂಟು. ಚರ್ಚೆಯಾಗಲಿ, ಅದು ಆರೋಗ್ಯದ ಲಕ್ಷಣ. ಆದರೆ ವಿಚಾರಮಾಡಿರಿ: ಬೆಂಗಳೂರಿಗೆ ಹೆಸರು ತಂದ ಮನೆತನದವನೊಬ್ಬನು ಮಡಿದ ಜಾಗವನ್ನು ನಾಲ್ಕೈದು ಶತಮಾನಗಳಿಂದ ನಾಡು ಮರೆತಿತ್ತು, ವಂಶಾವಳಿಗಳಾವುವೂ ಅದನ್ನು ತೋರಿಸಲಿಲ್ಲ, ತೋರಿಸಿದುದು ಗಿಡಗಂಟೆಗಳ ನಡುವೆ ನಿಂತ ಒಂದು ಕಲ್ಲು.

ಮೂರನೆಯ ಪಕ್ಷವೊಂದುಂಟು. ಇದನ್ನು ಹೇಳುವವರು ಇಂಗ್ಲಿಷು ಬಲ್ಲವರು. “ಇಂಗ್ಲೆಂಡಿನ ಶ್ರೀಮಂತ ಕುಲಗಳು ಸಾವಿರ ವರ್ಷಗಳ ವಂಶವೃಕ್ಷವನ್ನು ಕಾಪಾಡಿಕೊಂಡಿಲ್ಲವೆ? ನಾವೇಕೆ ಕಾಪಾಡಬಾರದು?” ಎಂದು ಅವರ ಪ್ರಶ್ನೆ. ಅದನ್ನೂ ನೋಡೋಣ. ೧೦೬೬ರಲ್ಲಿ ನಾರ್ಮಂಡಿಯ ವಿಲಿಯಮನು ಇಂಗ್ಲೆಂಡನ್ನು ಗೆದ್ದನು. ಅವನೊಡನೆ ಬಂದ ವೀರರ ಪಟ್ಟಿಯೆಂದು ಬ್ಯಾಟಲ್ ಎಂಬ ಮಠದ ಹೆಸರಿನಲ್ಲಿ ಒಂದು ಓಲೆ ಪ್ರಸಿದ್ಧವಾಯಿತು. ತಮ್ಮ ಕುಲದ ಹೆಸರು ಅದರಲ್ಲಿರಬೇಕೆಂದು ಹಿಂದಿನಿಂದ ಸೇರಿಸಿದ ಹೆಸರುಗಳು ಅದರಲ್ಲಿ ಎಷ್ಟೋ ಇವೆಯೆಂದು ಅಲ್ಲಿಯ ಪಂಡಿತರೇ ತೋರಿಸಿಕೊಟ್ಟಿದ್ದಾರೆ. ೧೯೨೮ರಲ್ಲಿ ತೀರಿಕೊಂಡ ಜೆ. ಹೆಚ್. ರೌಂಡ್ ಎಂಬ ವಿದ್ವಾಂಸನು ಇಂತಹ ಕಟ್ಟುಕಥೆಯ ವಂಶಾವಳಿಗಳನ್ನು ಒಂದೊಂದಾಗಿ ಬಯಲಿಗೆಳೆಯುವುದರಲ್ಲಿಯೇ ಖ್ಯಾತನಾದನು.

ನೆವಿಲ್ ಎಂಬ ಕುಲದ ಕಥೆ ಇನ್ನೂ ಸ್ವಾರಸ್ಯವಾದುದು. ಹೆಸರು ನಾರ್ಮನರದು. ಆದರೆ ೧೩ನೆಯ ಶತಮಾನದಲ್ಲಿ ಆ ಕುಲದ ಉತ್ತರಾಧಿಕಾರಿಣಿಯಾಗಿ ಉಳಿದವಳು ಇಸಬೆಲ್ ಎಂಬ ಹೆಣ್ಣುಮಗಳು. ಅವಳು ರೇಬಿ ಎಂಬ ಸ್ಥಳದ ಒಡೆಯನಾದ ರಾಬರ್ಟನನ್ನು ವರಿಸಿದಳು. ಅವನು ನಾರ್ಮನನಲ್ಲ, ಗೆಲ್ಲಲ್ಪಟ್ಟ ನೆಲದ ಹಳೆಯ ಮನೆತನದವನು. ಮಗನು ತಾಯಿಯ ಕುಲನಾಮವನ್ನು ಇಟ್ಟುಕೊಂಡನು. ಮುಂದೆ ಅದೇ ಕುಲದಲ್ಲಿ ಹುಟ್ಟಿ, ೧೪೬೧ರಲ್ಲಿ ಒಬ್ಬ ದೊರೆಯನ್ನು ಪಟ್ಟಕ್ಕೇರಿಸಲು ನೆರವಾಗಿ, ೧೪೭೦ರಲ್ಲಿ ಅವನನ್ನೇ ಇಳಿಸಿ ಹಳೆಯ ದೊರೆಯನ್ನು ಕುಳ್ಳಿರಿಸಿ, ೧೪೭೧ರಲ್ಲಿ ಬಾರ್ನೆಟ್ಟಿನ ಕಾಳಗದಲ್ಲಿ ಮಡಿದ ರಿಚರ್ಡ್ ನೆವಿಲನಿಗೆ ವಾರಿಕ್ ಎಂಬ ಪದವಿಯೂ ಅದರ ಅಪಾರವಾದ ಆಸ್ತಿಯೂ ಬಂದುದು ಪತ್ನಿಯ ಕಡೆಯಿಂದ. ದೊರೆಗಳನ್ನು ಮಾಡುವವನೆಂದು ಚರಿತ್ರೆಯು ಕರೆದ ಆ ಮಹಾಪುರುಷನಿಗೆ ಹೆಸರು ಕೊಟ್ಟುದು ಪೂರ್ವದ ಒಬ್ಬ ತಾಯಿ. ಬಲ ಕೊಟ್ಟುದು ಒಬ್ಬ ಹೆಂಡತಿ. ಈ ಸಂಗತಿ ನಮಗೆ ತಿಳಿದುದು ಅಲ್ಲಿಯ ದಾನಪತ್ರಗಳೂ ನ್ಯಾಯಾಲಯದ ದಾಖಲೆಗಳೂ ಉಳಿದುದರಿಂದ. ಅನುಕರಿಸುವುದಾದರೆ ಇದನ್ನು ಅನುಕರಿಸಿರಿ: ಕಾಗದಪತ್ರಗಳನ್ನು ಕಾಪಾಡುವುದನ್ನೂ ಸ್ವಂತ ಕುಲದ ಸುಳ್ಳನ್ನು ತಾವೇ ತಿದ್ದುವುದನ್ನೂ.

ಇಷ್ಟು ಹೇಳಿದ ಮೇಲೆ ಇನ್ನೊಂದು ದಿಕ್ಕಿನಿಂದ ನನ್ನ ಬೆನ್ನು ತಟ್ಟಲು ಬರುವವರಿಗೂ ಎರಡು ಮಾತು ಹೇಳಬೇಕಾಗಿದೆ. ನಮ್ಮ ತರುಣ ವಿದ್ಯಾವಂತರಲ್ಲಿ ಕೆಲವರು “ಕೈಫಿಯತ್ತು, ಬಖೈರು, ವಂಶಾವಳಿ ಎಲ್ಲವೂ ಸುಳ್ಳಿನ ಕಂತೆ; ಒಲೆಗೆ ಹಾಕಿ” ಎನ್ನುತ್ತಾರೆ. ಇದೂ ಅವಿಚಾರವೇ. ಮೀಮಾಂಸಕರು ವೇದದಲ್ಲಿ ಸ್ತುತಿರೂಪವಾದ ವಾಕ್ಯಗಳನ್ನು ಅರ್ಥವಾದವೆಂದು ಕರೆದರು. ಅವುಗಳನ್ನು ಅಕ್ಷರಶಃ ನಂಬಲೂ ಇಲ್ಲ, ಎಸೆಯಲೂ ಇಲ್ಲ. ಈ ಸ್ತುತಿಯು ಯಾವ ವಿಧಿಗೆ ಬೆಂಬಲವಾಗಿ ಬಂದಿದೆಯೆಂದು ಕೇಳಿದರು. ವಂಶಾವಳಿಯನ್ನೂ ಹಾಗೆಯೇ ಕೇಳಬೇಕು: ಇದನ್ನು ಯಾರು, ಯಾರಿಗೆ, ಯಾವಾಗ, ಯಾವುದನ್ನು ಪಡೆಯುವುದಕ್ಕಾಗಿ ಹೇಳಿದರು? ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಮೆಕೆಂಜಿಯು ಮೈಸೂರು ಸೀಮೆಯನ್ನು ಅಳೆಯುತ್ತಿದ್ದಾಗ ಅವನ ಸಹಾಯಕರು ಊರೂರು ತಿರುಗಿ ಇಂತಹ ಕಥನಗಳನ್ನು ಬರೆದುಕೊಂಡರು. ಆಗ ಹಳೆಯ ಮನೆತನಗಳು ಅಧಿಕಾರ ಕಳೆದುಕೊಂಡು, ಹೊಸ ಸರ್ಕಾರದಿಂದ ಮಾಶಾಸನವೋ ಉಂಬಳಿಯೋ ದೊರೆತೀತೆಂದು ಕಾದಿದ್ದವು. ೧೮೬೬ರಲ್ಲಿ ಇನಾಂ ಕಮಿಷನ್ ಬಂದಾಗಲೂ ಹಿರಿತನವನ್ನು ಸ್ಥಾಪಿಸಿದವನಿಗೆ ನೆಲ ಉಳಿಯುವ ಸಂಭವವಿತ್ತು. ಅನ್ನಕ್ಕಾಗಿ ಹೇಳಿದ ಅತ್ಯುಕ್ತಿಯನ್ನು ಕ್ಷಮಿಸಬಹುದು. ೧೯೫೪ರ ಕಾಯಿದೆಯು ಇನಾಮುಗಳನ್ನು ರದ್ದುಮಾಡಿ ಎಪ್ಪತ್ತು ವರ್ಷಗಳು ಕಳೆದವು. ಈಗ ಹೇಳುವ ಅತ್ಯುಕ್ತಿಗೆ ಯಾವ ಹಸಿವಿನ ನೆಪವಿದೆ?

ಸ್ತುತಿಯನ್ನು ಬದಿಗಿಟ್ಟು ಓದಿದರೆ ಅದೇ ಕೈಫಿಯತ್ತಿನಲ್ಲಿ ಯಾವ ಕೆರೆ ಯಾರ ಕಾಲದ್ದು, ಯಾವ ಸಂತೆ ಯಾವ ವಾರ, ಎಷ್ಟು ಕಪ್ಪ, ಯಾವ ಹಳ್ಳಿ ಏಕೆ ಪಾಳುಬಿದ್ದಿತು ಎಂಬ ಸಂಗತಿಗಳು ಸಿಕ್ಕುತ್ತವೆ. ರೈಸ್ ಮಹಾಶಯನು ೧೯೦೪ರಲ್ಲಿ ತುಮಕೂರು ಜಿಲ್ಲೆಯ ಶಾಸನಗಳನ್ನು ತನ್ನ ಮಾಲೆಯ ೧೨ನೆಯ ಸಂಪುಟವಾಗಿ ಅಚ್ಚು ಹಾಕಿಸಿದನು. ಆ ಪುಸ್ತಕವನ್ನು ಕೈಯಲ್ಲಿ ಹಿಡಿದು ಗುಬ್ಬಿ ಕುಣಿಗಲ್ ತಾಲ್ಲೂಕುಗಳ ಹತ್ತು ಊರುಗಳಿಗಾದರೂ ಹೋಗಿ ಬನ್ನಿರಿ. ಅವನು ಕಂಡ ಕಲ್ಲು ಇಂದು ಎಲ್ಲಿದೆ? ಬಟ್ಟೆ ಒಗೆಯುವ ಹಾಸುಗಲ್ಲಾಗಿದೆಯೇ, ಮೋರಿಯ ಮೇಲೆ ಬಿದ್ದಿದೆಯೇ, ಹೊಸ ದೇವಾಲಯದ ತಳಪಾಯದಲ್ಲಿ ಹೂತುಹೋಗಿದೆಯೇ? ಒಂದು ಸ್ಮರಣಸಂಚಿಕೆಯ ವೆಚ್ಚದಲ್ಲಿ ಹತ್ತು ಕಲ್ಲುಗಳನ್ನು ಎತ್ತಿ ನಿಲ್ಲಿಸಬಹುದು. ನಮ್ಮ ಸಂಘವು ಇದನ್ನು ಕೈಗೊಳ್ಳಲೆಂದೂ, ಪ್ರಮಾಣವನ್ನು ತೋರಿಸದ ವಂಶಾವಳಿಯನ್ನು ಈ ಪತ್ರಿಕೆಯಲ್ಲಿ ಅಚ್ಚು ಮಾಡದಿರಲೆಂದೂ ಸಂಪಾದಕರನ್ನು ಪ್ರಾರ್ಥಿಸುತ್ತೇನೆ.

ಕೊನೆಯದಾಗಿ ನನ್ನ ಸ್ವಂತ ಋಣದ ಮಾತು. ಕಳೆದ ಮಾಘಮಾಸದಲ್ಲಿ ಆ ಮನೆತನದ ಈಗಿನ ಯಜಮಾನರಲ್ಲಿಗೆ ಹೋಗಿ ನಡೆದುದನ್ನು ಹೇಳಿದೆನು. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಒಳಗೆ ಹೋಗಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಒಂದು ಹಳೆಯ ಕಡತವನ್ನು ತಂದು ನನ್ನ ಮುಂದಿಟ್ಟು, “ಮೇಷ್ಟ್ರೇ, ನಮ್ಮ ಮನೆಯಲ್ಲಿ ನಿಜವಾಗಿ ಇರುವುದು ಇದು. ಇದರಲ್ಲಿ ಸೂರ್ಯವಂಶದ ಸುದ್ದಿಯಿಲ್ಲ” ಎಂದರು. ಬಿಡಿಸಿ ಓದಿದೆವು. ಊರ ಕೆರೆಯ ಏರಿ ಒಡೆದ ಒಂದು ವರ್ಷದ ಲೆಕ್ಕ. ಮಣ್ಣು ಹೊತ್ತವರ ಹೆಸರುಗಳು, ಗಂಡಸರದೂ ಹೆಂಗಸರದೂ. ಪ್ರತಿ ಹೆಸರಿನ ಮುಂದೆ ಅಳೆದುಕೊಟ್ಟ ರಾಗಿ. ಮನೆಯ ಹಿರಿಯರ ಹೆಸರು ಒಂದೇ ಒಂದು ಕಡೆ ಇದೆ, ತಮ್ಮ ಹಗೇವನ್ನು ತೆಗೆಸಿ ಆ ರಾಗಿಯನ್ನು ಕೊಟ್ಟವರೆಂದು. ಮಣ್ಣು ಹೊತ್ತವರಲ್ಲಿ ಹೆಚ್ಚಿನವರು, ಮನೆಗುರುತುಗಳಿಂದ ತಿಳಿಯುವಂತೆ, ಇಂದು ಹಗ್ಗವನ್ನು ನೆಲಕ್ಕೆ ಹಾಕಿ ನಡೆದ ಕುಲದವರ ಪೂರ್ವಿಕರು.

“ಕಲ್ಲನ್ನು ಇಳಿಸುತ್ತೀರಾ?” ಎಂದು ಕೇಳಿದೆನು. “ಅಣ್ಣತಮ್ಮಂದಿರು ಒಪ್ಪಬೇಕು, ಮೇಷ್ಟ್ರೇ, ನನ್ನೊಬ್ಬನ ಕೈಯಲ್ಲಿಲ್ಲ. ಆದರೆ ಈ ಕಡತವನ್ನು ಜಾತ್ರೆಯ ಸಭೆಯಲ್ಲಿ ಓದಿಸುತ್ತೇನೆ” ಎಂದರು. ಅವರು ಮಾಡಬೇಕಾದುದನ್ನು ಅವರು ಮಾಡಲಿ. ನಾನು ಮಾಡಬೇಕಾದುದು ಇಷ್ಟು: ನಮ್ಮ ಸೀಮೆಯ ಸಭಾಮಂದಿರವೊಂದರಲ್ಲಿ ಪ್ರಾಚೀನವೆಂದು ಕೆತ್ತಲ್ಪಟ್ಟಿರುವ ಹನ್ನೆರಡು ಅನುಷ್ಟುಪ್ ಶ್ಲೋಕಗಳು ಪ್ರಾಚೀನವಲ್ಲ, ಅವು ಐನೂರೊಂದು ರೂಪಾಯಿಗಳ ದಕ್ಷಿಣೆಗೆ ನಾನು ಬರೆದವು, ಅವುಗಳಲ್ಲಿ ಕೊನೆಯ ಆರು ಹೆಸರುಗಳ ಹೊರತು ಮಿಕ್ಕುದೆಲ್ಲವೂ ನನ್ನ ಕಲ್ಪನೆ. ಅವುಗಳನ್ನು ಯಾರೂ ಯಾವ ವ್ಯವಹಾರದಲ್ಲಿಯೂ ಪ್ರಮಾಣವಾಗಿ ತೆಗೆದುಕೊಳ್ಳಬಾರದು. ಎಂಟನೆಯ ಶ್ಲೋಕದ ಛಂದೋದೋಷವೂ ನನ್ನದೇ.